ಪದಚರ್ಚೆ: ಸ್ಪ್ಯಾನಿಷ್‌ನ ‘ಎಲ್’, ‘ಲಾ’, ‘ಲೋ’ ಆರ್ಟಿಕಲ್ಲೋ, ಸರ್ವನಾಮವೋ?

ಎಲ್ಲರಿಗೂ ನಮಸ್ಕಾರ.

ಸ್ಪ್ಯಾನಿಷ್ ಕಲಿಯುತ್ತಿರುವ ಗೆಳೆಯರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ‘ಲಾ’ ಅಂದ್ರೆ ಇಂಗ್ಲಿಷಿನ ‘ದಿ’ ಅಂತ ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದಾರೆ. ‘ಲಾ ಕಾಸಾ’ ಅಂದ್ರೆ ಮನೆ, ‘ಲಾ ಮೇಸಾ’ ಅಂದ್ರೆ ಮೇಜು. ಸರಿ. ಸ್ವಲ್ಪ ಮುಂದೆ ಹೋದಮೇಲೆ ‘ಲಾ ಬೇಯೋ’ ಅನ್ನುವ ವಾಕ್ಯ ಬಂತು. ‘ಬೇಯೋ’ ಅಂದ್ರೆ ನೋಡುತ್ತೇನೆ. ಹಾಗಾದ್ರೆ ‘ದಿ ನೋಡುತ್ತೇನೆ’ ಅಂತ ಆಗುತ್ತಲ್ವಾ, ಇದು ಯಾವ ಲೆಕ್ಕ ಅನ್ನೋದು ಅವರ ಪ್ರಶ್ನೆ. ಇಂಗ್ಲಿಷ್ ಬಲ್ಲವರಿಗೆ ಅಂತ ಬರೆದ ಪುಸ್ತಕಗಳಲ್ಲಿ ಆರ್ಟಿಕಲ್‌ಗೆ ಒಂದು ಪಟ್ಟಿ, ಸರ್ವನಾಮಕ್ಕೆ ಇನ್ನೊಂದು ಪಟ್ಟಿ ಕೊಟ್ಟಿರುತ್ತಾರೆ. ಎರಡರಲ್ಲೂ ‘ಲಾ’ ಇದೆ, ಎರಡರಲ್ಲೂ ‘ಲೋಸ್’, ‘ಲಾಸ್’ ಇವೆ. ಯಾಕೆ ಅಂತ ಹೇಳುವವರು ಕಡಿಮೆ.

ಚಿಕ್ಕ ಉತ್ತರ ಇಷ್ಟೇ: ಎರಡೂ ಹುಟ್ಟಿನಲ್ಲಿ ಒಂದೇ ಪದ. ಇದನ್ನು ಇಂಗ್ಲಿಷ್ ಮೂಲಕ ನೋಡಿದರೆ ವಿಚಿತ್ರ ಅನ್ನಿಸುತ್ತೆ, ಕನ್ನಡದ ಮೂಲಕ ನೋಡಿದರೆ ತೀರಾ ಸಹಜ ಅನ್ನಿಸುತ್ತೆ. ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕೊನೆಯಲ್ಲಿ ಅನುವಾದಕ್ಕೆ ಸಂಬಂಧಪಟ್ಟ ನನ್ನದೇ ಪ್ರಶ್ನೆಗಳೂ ಇವೆ, ಬಲ್ಲವರು ದಯವಿಟ್ಟು ಉತ್ತರಿಸಿ. (ಉಚ್ಚಾರದ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನಲ್ಲಿ ‘ವಿ’ ಅಕ್ಷರಕ್ಕೂ ‘ಬಿ’ ಅಕ್ಷರಕ್ಕೂ ಒಂದೇ ಉಚ್ಚಾರ, ಹಾಗಾಗಿ ಎಲ್ಲ ಕಡೆ ‘ಬ’ ಅಂತಲೇ ಬರೆದಿದ್ದೇನೆ.)

ಲ್ಯಾಟಿನ್‌ನಲ್ಲಿ (ಸ್ಪ್ಯಾನಿಷ್ ಹುಟ್ಟಿದ್ದು ಈ ಭಾಷೆಯಿಂದ) ಆರ್ಟಿಕಲ್ ಅನ್ನೋದೇ ಇರಲಿಲ್ಲ. ನಮ್ಮಲ್ಲಿ ಇಲ್ಲದ ಹಾಗೇ. ದೂರದ್ದನ್ನು ತೋರಿಸುವುದಕ್ಕೆ ‘ಇಲ್ಲೆ’, ‘ಇಲ್ಲಾ’, ‘ಇಲ್ಲುದ್’ ಅಂತ ಮೂರು ಪದ ಇದ್ದವು. ಗಂಡಿಗೆ, ಹೆಣ್ಣಿಗೆ, ಮತ್ತೆ ಎರಡೂ ಅಲ್ಲದ್ದಕ್ಕೆ. (ನಮ್ಮ ‘ಇಲ್ಲ’ಕ್ಕೂ ಇದಕ್ಕೂ ಸಂಬಂಧ ಇಲ್ಲ, ಬರೀ ಸದ್ದು ಹೊಂದುತ್ತೆ.) ಜನ ಮಾತಾಡುತ್ತಾ ಆಡುತ್ತಾ ‘ಆ ಮನೆ’, ‘ಆ ಹೊಲ’ ಅಂತ ಜಾಸ್ತಿ ಜಾಸ್ತಿ ಬಳಸಿದರು. ಬಳಸಿ ಬಳಸಿ ತೋರಿಸುವ ಅರ್ಥ ಸವೆದುಹೋಯಿತು, ‘ನಮಗಿಬ್ಬರಿಗೂ ಗೊತ್ತಿರುವ ಮನೆ’ ಅನ್ನುವಷ್ಟು ಮಾತ್ರ ಉಳಿಯಿತು. ಅದೇ ಇವತ್ತಿನ ‘ಎಲ್’ ಮತ್ತು ‘ಲಾ’. ನಾಮಪದ ಇಲ್ಲದೆ ಒಂಟಿಯಾಗಿ ನಿಂತಾಗ ಅದೇ ‘ಇಲ್ಲೆ’, ‘ಇಲ್ಲಾ’ಗಳು ‘ಎಲ್’ (ಅವನು), ‘ಎಯಾ’ (ಅವಳು) ಆದವು. ‘ಅನ್ನು’ ವಿಭಕ್ತಿಯ ಜಾಗದಲ್ಲಿ ಬಂದಾಗ ‘ಲೋ’, ‘ಲಾ’ ಆದವು. ‘ಗೆ’ ವಿಭಕ್ತಿಯಲ್ಲಿ ‘ಲೆ’ ಆಯಿತು. ಒಂದು ಪದ, ಇಷ್ಟು ಮಕ್ಕಳು.

ಈಗ ಕನ್ನಡ ನೋಡಿ. ‘ಆ ಹುಡುಗ’, ‘ಅವನು’. ‘ಆ ಹುಡುಗಿ’, ‘ಅವಳು’. ‘ಆ ಮನೆ’, ‘ಅದು’. ಪಕ್ಕದಲ್ಲಿ ನಾಮಪದ ಇದ್ದರೆ ಬರೀ ‘ಆ’, ಇಲ್ಲದಿದ್ದರೆ ಅದೇ ‘ಆ’ಗೆ ಲಿಂಗ ವಚನದ ಬಾಲ ಸೇರಿಕೊಂಡು ‘ಅವನು, ಅವಳು, ಅದು, ಅವರು, ಅವು’. ಸ್ಪ್ಯಾನಿಷ್‌ನದೂ ಇದೇ ಜಾಡು. ಹಾಗಾಗಿ ‘ಲಾ ಕಾಸಾ’ದ ‘ಲಾ’ಗೆ ‘ಆ’ ಅಂತಲೂ, ‘ಲಾ ಬೇಯೋ’ದ ‘ಲಾ’ಗೆ ‘ಅವಳನ್ನು’ ಅಥವಾ ‘ಅದನ್ನು’ ಅಂತಲೂ ತಿಳಿದುಕೊಂಡರೆ ಪ್ರಶ್ನೆಗೆ ಜಾಗವೇ ಇರೋದಿಲ್ಲ. ಆ ಮನೆ, ಅದನ್ನು ನೋಡುತ್ತೇನೆ. ಅಷ್ಟೇ.

‘ಎಲ್’ ಆರ್ಟಿಕಲ್ಲೋ ‘ಅವನು’ ಅನ್ನುವ ಸರ್ವನಾಮವೋ ಅನ್ನೋದನ್ನು ಬರಹದಲ್ಲಿ ಗುರುತಿಸಲು ಸರ್ವನಾಮದ ಸ್ವರದ ಮೇಲೆ ಒಂದು ಓರೆ ಗೆರೆ ಹಾಕುತ್ತಾರೆ. ಉಚ್ಚಾರದಲ್ಲಿ ಆರ್ಟಿಕಲ್ ಒತ್ತಿಲ್ಲದೆ ಮುಂದಿನ ಪದಕ್ಕೆ ಅಂಟಿಕೊಳ್ಳುತ್ತೆ, ಅಷ್ಟೇ ವ್ಯತ್ಯಾಸ. ‘ನೀನು’ ಅನ್ನುವ ‘ತೂ’ಗೂ ‘ನಿನ್ನ’ ಅನ್ನುವ ‘ತು’ಗೂ ನಡುವೆ ಬರಹದಲ್ಲಿ ಇರುವುದು ಇಂಥದ್ದೇ ಗೆರೆ.

ಇಲ್ಲಿಂದ ಮುಂದೆ ನನಗೆ ತುಂಬ ಇಷ್ಟವಾದ ಭಾಗ. ‘ಎಲ್ ಕೆ ಬೀನೋ’ ಅಂತ ಒಂದು ಪ್ರಯೋಗ ಇದೆ. ಇಂಗ್ಲಿಷ್‌ನಲ್ಲಿ ಇದನ್ನು ಹೇಳಲು ‘ದಿ ಒನ್ ಹೂ ಕೇಮ್’ ಅಂತ ಉದ್ದ ಎಳೆಯಬೇಕು. ಕನ್ನಡದಲ್ಲಿ ಒಂದೇ ಪದ: ‘ಬಂದವನು’. ‘ಲಾ ಕೆ ಬೀನೋ’ ಅಂದ್ರೆ ‘ಬಂದವಳು’. ‘ಲೋಸ್ ಕೆ ಬಿನ್ಯೇರೊನ್’ ಅಂದ್ರೆ ‘ಬಂದವರು’. ‘ಲೋ ಕೆ ಪಸೋ’ ಅಂದ್ರೆ ‘ಆದದ್ದು’, ‘ನಡೆದದ್ದು’. ಒಂದಕ್ಕೊಂದು ಹೊಂದಿಸಿ ನೋಡಿ. ‘ಬಂದ’ ಅನ್ನುವುದಕ್ಕೆ ನಾವು ‘ಅವನು, ಅವಳು, ಅವರು’ ಸೇರಿಸುತ್ತೇವೆ, ಅವರು ‘ಬಂದ’ದ ಮುಂದೆ ‘ಎಲ್, ಲಾ, ಲೋಸ್’ ಇಡುತ್ತಾರೆ. ನಮ್ಮದು ಹಿಂದೆ ಅಂಟುತ್ತೆ, ಅವರದು ಮುಂದೆ ನಿಲ್ಲುತ್ತೆ. ಕೆಲಸ ಒಂದೇ. ಇಲ್ಲಿ ಆ ‘ಎಲ್’ ಆರ್ಟಿಕಲ್ಲೋ ಸರ್ವನಾಮವೋ ಅಂತ ವ್ಯಾಕರಣದವರೇ ವಾದ ಮಾಡುತ್ತಾರೆ. ‘ಬಂದವನು’ ಅನ್ನುವುದರಲ್ಲಿ ‘ಅವನು’ ಸರ್ವನಾಮವೋ ಬರೀ ಪ್ರತ್ಯಯವೋ ಅಂತ ಕೇಳಿದ ಹಾಗೆ.

ಗುಣ ಹೇಳುವ ಪದಗಳಿಗೂ ಇದೇ ದಾರಿ. ‘ಎಲ್ ಆಲ್ತೋ’ ಎತ್ತರದವನು. ‘ಲಾ ರೋಹಾ’ ಕೆಂಪಿನದು, ಯಾವುದೋ ಸ್ತ್ರೀಲಿಂಗದ ವಸ್ತು, ಅಂಗಿಯೋ ಕುರ್ಚಿಯೋ. ಇನ್ನು ‘ಲೋ’. ಇದು ಇಂಗ್ಲಿಷ್ ಬಲ್ಲವರನ್ನು ಜಾಸ್ತಿ ಕಾಡುವ ಪದ, ಯಾಕೆಂದ್ರೆ ಇಂಗ್ಲಿಷ್‌ನಲ್ಲಿ ಇದಕ್ಕೆ ಜೋಡಿ ಇಲ್ಲ. ‘ಲೋ ಬ್ವೇನೋ’ ಅಂದ್ರೆ ‘ಒಳ್ಳೆಯದು’. ‘ಲೋ ಇಂಪೊರ್ತಾಂತೆ’ ಅಂದ್ರೆ ‘ಮುಖ್ಯವಾದದ್ದು’. ‘ಲೋ ಕೆ ದಿಹೀಸ್ತೆ’ ಅಂದ್ರೆ ‘ನೀನು ಹೇಳಿದ್ದು’. ಕನ್ನಡದವರು ‘ಒಳ್ಳೆಯ’ ಜೊತೆ ‘ಅದು’ ಸೇರಿಸಿ ‘ಒಳ್ಳೆಯದು’ ಅನ್ನುವಾಗ ಯಾವ ವಸ್ತುವನ್ನೂ ತೋರಿಸುತ್ತಿಲ್ಲ, ಒಂದು ಸಂಗತಿಯನ್ನು ಹೇಳುತ್ತಿದ್ದಾರೆ. ‘ಲೋ’ ಮಾಡುವುದೂ ಅದನ್ನೇ. ಸ್ಪ್ಯಾನಿಷ್‌ನಲ್ಲಿ ನಪುಂಸಕಲಿಂಗ ಸತ್ತುಹೋಯಿತು ಅಂತ ಕೆಲವರು ಹೇಳುತ್ತಾರೆ. ಸತ್ತಿಲ್ಲ. ನಾಮಪದಗಳಲ್ಲಿ ಇಲ್ಲ, ಆದರೆ ‘ಲೋ’, ‘ಎಸ್ತೋ’ (ಇದು), ‘ಎಸೋ’ (ಅದು), ‘ಅಕೆಯೋ’ (ಆಚೆಯದು) ಇಂಥ ಪದಗಳಲ್ಲಿ ಚೆನ್ನಾಗೇ ಬದುಕಿದೆ.

ಪ್ರಸಂಗ ಬಂತು ಅಂತ ಹೇಳುತ್ತೇನೆ: ಸ್ಪ್ಯಾನಿಷ್‌ನಲ್ಲಿ ತೋರಿಸುವ ಪದಗಳಿಗೆ ಮೂರು ಮೆಟ್ಟಿಲು. ‘ಎಸ್ತೆ’ ನನ್ನ ಹತ್ತಿರದ್ದು, ‘ಎಸೆ’ ನಿನ್ನ ಹತ್ತಿರದ್ದು, ‘ಅಕೆಲ್’ ಇಬ್ಬರಿಗೂ ದೂರದ್ದು. ಇವತ್ತಿನ ಕನ್ನಡದಲ್ಲಿ ಎರಡೇ ಮೆಟ್ಟಿಲು, ಇವನು ಮತ್ತು ಅವನು. ಹಳಗನ್ನಡದಲ್ಲಿ ನಡುವೆ ‘ಉವಂ’ ಇತ್ತು. ಹಳಗನ್ನಡ ಓದಿಕೊಂಡವರಿಗೆ ‘ಎಸೆ’ ಸುಲಭವಾಗಿ ದಕ್ಕುತ್ತೆ.

ಒಂದು, ಕೆಲವು ಅನ್ನುವ ‘ಉನ್, ಉನಾ, ಉನೋಸ್, ಉನಾಸ್’ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಅಜ್ಜಿ ಕಥೆ ಶುರುಮಾಡುವುದನ್ನು ನೆನಪು ಮಾಡಿಕೊಳ್ಳಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಮಕ್ಕಳು.’ ಮೊದಲ ಸಲ ‘ಒಬ್ಬ’, ಎರಡನೇ ಸಲ ‘ಆ’. ಸ್ಪ್ಯಾನಿಷ್ ಕಥೆಯೂ ‘ಉನ್ ರೇಯ್’ ಅಂತ ಶುರುವಾಗಿ ಎರಡನೇ ವಾಕ್ಯಕ್ಕೆ ‘ಎಲ್ ರೇಯ್’ ಆಗುತ್ತೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಅಂದ ಮಾತ್ರಕ್ಕೆ ಈ ವ್ಯತ್ಯಾಸ ನಮಗೆ ಗೊತ್ತಿಲ್ಲ ಅಂತಲ್ಲ. ನಾವು ಅದನ್ನು ಬೇರೆ ಬೇರೆ ರೀತಿಯಲ್ಲಿ ತೋರಿಸುತ್ತೇವೆ. ‘ಮೇಜಿನ ಮೇಲೆ ಪುಸ್ತಕ ಇದೆ’ ಅಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕ ಮೇಜಿನ ಮೇಲಿದೆ’ ಅಂದರೆ ನೀನು ಹುಡುಕುತ್ತಿದ್ದೆಯಲ್ಲ, ಆ ಪುಸ್ತಕ. ಪದಗಳ ಜಾಗ ಬದಲಾದರೆ ಸಾಕು. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು ‘ಆಯ್ ಉನ್ ಲೀಬ್ರೋ ಎನ್ ಲಾ ಮೇಸಾ’, ಎರಡನೆಯದು ‘ಎಲ್ ಲೀಬ್ರೋ ಎಸ್ತಾ ಎನ್ ಲಾ ಮೇಸಾ’. ಆರ್ಟಿಕಲ್ ಜೊತೆಗೆ ‘ಇದೆ’ ಅನ್ನುವ ಕ್ರಿಯಾಪದವೂ ಬದಲಾಗಿದೆ, ಗಮನಿಸಿ. ‘ಆಯ್’ ಜೊತೆ ‘ಎಲ್’ ಬರೋದಿಲ್ಲ.

ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ಕೈ ಹಿಡಿಯೋದಿಲ್ಲ, ಇಂಗ್ಲಿಷ್ ಕೂಡ ಹಿಡಿಯೋದಿಲ್ಲ. ಮೇಜು ಯಾಕೆ ಹೆಣ್ಣು, ಪುಸ್ತಕ ಯಾಕೆ ಗಂಡು ಅಂತ ಕೇಳಿ ಪ್ರಯೋಜನ ಇಲ್ಲ. ಹಿಂದಿಯಲ್ಲಿ ಕುರ್ಚಿಯನ್ನು ಸ್ತ್ರೀಲಿಂಗ ಅಂತ ಬಾಯಿಪಾಠ ಮಾಡಿದವರಿಗೆ ಇದು ಹೊಸದಲ್ಲ. ‘ಓ’ದಲ್ಲಿ ಮುಗಿದರೆ ಪುಲ್ಲಿಂಗ, ‘ಆ’ದಲ್ಲಿ ಮುಗಿದರೆ ಸ್ತ್ರೀಲಿಂಗ ಅನ್ನುವ ನಿಯಮ ಬಹಳ ಮಟ್ಟಿಗೆ ನಡೆಯುತ್ತೆ. ಆದರೆ ದಿನಾ ಬಳಸುವ ಪದಗಳೇ ಅದನ್ನು ಮುರಿಯುತ್ತವೆ. ದಿನ ‘ಎಲ್ ದೀಆ’, ಕೈ ‘ಲಾ ಮಾನೋ’, ನಕ್ಷೆ ‘ಎಲ್ ಮಾಪಾ’. ಗ್ರೀಕ್‌ನಿಂದ ಬಂದ ‘ಮಾ’ ಬಾಲದ ಪದಗಳು, ‘ಪ್ರೊಬ್ಲೇಮಾ’, ‘ತೇಮಾ’, ‘ಸಿಸ್ತೇಮಾ’, ಇವೆಲ್ಲ ಪುಲ್ಲಿಂಗ. ಆರ್ಟಿಕಲ್ ಬದಲಾದರೆ ಅರ್ಥವೇ ಬದಲಾಗುವ ಪದಗಳೂ ಇವೆ. ‘ಎಲ್ ಪಾಪಾ’ ಕ್ರೈಸ್ತರ ಪೋಪ್, ‘ಲಾ ಪಾಪಾ’ ಆಲೂಗಡ್ಡೆ. ಮೊದಲನೆಯದು ಲ್ಯಾಟಿನ್‌ನಿಂದ ಬಂದದ್ದು, ಎರಡನೆಯದು ಆಂಡೀಸ್ ಬೆಟ್ಟಗಳ ಕೆಚುವಾ ಭಾಷೆಯದು. ‘ಎಲ್ ಕಪಿತಾಲ್’ ಬಂಡವಾಳ, ‘ಲಾ ಕಪಿತಾಲ್’ ರಾಜಧಾನಿ. ‘ಎಲ್ ಕೊಮೇತಾ’ ಧೂಮಕೇತು, ‘ಲಾ ಕೊಮೇತಾ’ ಗಾಳಿಪಟ. ಹಾಗಾಗಿ ನನ್ನ ಸಲಹೆ: ಪದವನ್ನು ಒಂಟಿಯಾಗಿ ಬರೆದುಕೊಳ್ಳಲೇಬೇಡಿ. ‘ಮೇಸಾ’ ಅಂತ ಅಲ್ಲ, ‘ಲಾ ಮೇಸಾ’ ಅಂತಲೇ ಬರೆದು ಬಾಯಿಗೆ ಹಾಕಿಕೊಳ್ಳಿ.

ವ್ಯಾಕರಣದ ಲಿಂಗಕ್ಕೂ ಮನುಷ್ಯರ ಲಿಂಗಕ್ಕೂ ಯಾವಾಗಲೂ ತಾಳೆ ಇರಬೇಕು ಅಂತಿಲ್ಲ. ‘ಪೆರ್ಸೋನಾ’, ವ್ಯಕ್ತಿ, ಯಾವಾಗಲೂ ಸ್ತ್ರೀಲಿಂಗ, ಗಂಡಸಿಗೆ ಹೇಳಿದರೂ ‘ಉನಾ ಬ್ವೇನಾ ಪೆರ್ಸೋನಾ’. ಹೆಣ್ಣು ಮಗುವಾದರೂ ಗಂಡು ಮಗುವಾದರೂ ನಾವು ‘ಮಗು ಅಳುತ್ತಿದೆ’ ಅನ್ನುತ್ತೇವಲ್ವಾ, ಹಾಗೆ.

‘ಎಲ್ ಆಗ್ವಾ’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದ್ರೆ ಇದರ ಬಗ್ಗೆ ಗೊಂದಲ ತುಂಬ ಇದೆ. ‘ಆಗ್ವಾ’, ನೀರು, ಸ್ತ್ರೀಲಿಂಗ. ಆದರೂ ‘ಲಾ ಆಗ್ವಾ’ ಅನ್ನೋದಿಲ್ಲ, ‘ಎಲ್ ಆಗ್ವಾ’ ಅನ್ನುತ್ತಾರೆ. ತಣ್ಣೀರು ಅನ್ನಬೇಕಾದರೆ ‘ಎಲ್ ಆಗ್ವಾ ಫ್ರೀಆ’, ಗುಣವಾಚಕ ಸ್ತ್ರೀಲಿಂಗದಲ್ಲೇ ಇರುತ್ತೆ. ಬಹುವಚನ ‘ಲಾಸ್ ಆಗ್ವಾಸ್’. ಎರಡು ‘ಆ’ ಡಿಕ್ಕಿ ಹೊಡೆಯಬಾರದು ಅಂತ ಪುಲ್ಲಿಂಗದ ಆರ್ಟಿಕಲ್ ತಂದು ಹಾಕಿದರು ಅಂತ ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಅದು ಪೂರ್ತಿ ಸರಿಯಲ್ಲ. ಈ ‘ಎಲ್’ ಪುಲ್ಲಿಂಗದ್ದೇ ಅಲ್ಲ. ಲ್ಯಾಟಿನ್‌ನ ‘ಇಲ್ಲಾ’ ಮೊದಲು ‘ಎಲಾ’ ಆಯಿತು. ಮುಂದಿನ ಪದ ವ್ಯಂಜನದಿಂದ ಶುರುವಾದರೆ ತಲೆಯ ‘ಎ’ ಬಿದ್ದು ‘ಲಾ’ ಉಳಿಯಿತು. ‘ಆ’ಯಿಂದ ಶುರುವಾದರೆ ಬಾಲದ ‘ಆ’ ಮುಂದಿನ ‘ಆ’ಯಲ್ಲಿ ಲೋಪವಾಗಿ ‘ಎಲ್’ ಉಳಿಯಿತು. ನಮ್ಮಲ್ಲಿ ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಆಗುವಂಥದ್ದೇ ಲೋಪಸಂಧಿ ಅದು. ಪುಲ್ಲಿಂಗದ ‘ಎಲ್’ಗೂ ಇದಕ್ಕೂ ರೂಪ ಮಾತ್ರ ಒಂದೇ. ಹಾಗಾಗಿಯೇ ‘ಈ ನೀರು’ ಅನ್ನುವಾಗ ‘ಎಸ್ತಾ ಆಗ್ವಾ’ ಅಂತ ಸ್ತ್ರೀಲಿಂಗದಲ್ಲೇ ಹೇಳಬೇಕು. ‘ಎಸ್ತೆ ಆಗ್ವಾ’ ಅನ್ನುವ ಸ್ಪ್ಯಾನಿಷ್ ಮನೆಮಾತಿನವರು ಬಹಳ ಜನ ಸಿಗುತ್ತಾರೆ, ಆದರೆ 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿ ಅದನ್ನು ತಪ್ಪು ಅಂತಲೇ ಹೇಳುತ್ತೆ. ಇದೇ ಗುಂಪಿನ ಇನ್ನೂ ಕೆಲವು: ‘ಎಲ್ ಆಲ್ಮಾ’ ಆತ್ಮ, ‘ಎಲ್ ಆಗಿಲಾ’ ಹದ್ದು, ‘ಎಲ್ ಆಚಾ’ ಕೊಡಲಿ, ‘ಎಲ್ ಆಂಬ್ರೆ’ ಹಸಿವು. ಒತ್ತು ಮೊದಲ ‘ಆ’ ಮೇಲೇ ಬೀಳಬೇಕು. ಮರಳು ‘ಅರೇನಾ’, ಒತ್ತು ‘ರೇ’ ಮೇಲೆ, ಆದ್ದರಿಂದ ‘ಲಾ ಅರೇನಾ’.

ಇನ್ನು ಕ್ರಿಯಾಪದದ ಹತ್ತಿರ ಬರುವ ಸರ್ವನಾಮಗಳು. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದು ಬೆಟ್ಟ. ‘ಸೆ ಲೋ ದೀ’ ಅನ್ನುವ ವಾಕ್ಯ ತೆಗೆದುಕೊಳ್ಳಿ. ಇಂಗ್ಲಿಷ್‌ನಲ್ಲಿ ‘ಐ ಗೇವ್ ಇಟ್ ಟು ಹಿಮ್’. ಒಂದೂ ಪದ ಅದದೇ ಜಾಗದಲ್ಲಿಲ್ಲ. ಕನ್ನಡದಲ್ಲಿ? ‘ಅವನಿಗೆ ಅದನ್ನು ಕೊಟ್ಟೆ.’ ಮೂರು ಪದ, ಅದೇ ಅನುಕ್ರಮ. ‘ಸೆ’ ಅವನಿಗೆ, ‘ಲೋ’ ಅದನ್ನು, ‘ದೀ’ ಕೊಟ್ಟೆ. ನಾನು ಅನ್ನೋದು ‘ಕೊಟ್ಟೆ’ಯಲ್ಲೇ ಇರುವ ಹಾಗೆ ‘ದೀ’ಯಲ್ಲೇ ಇದೆ. ‘ತೆ ಲೋ ದೀಗೋ’ ನಿನಗೆ ಅದನ್ನು ಹೇಳುತ್ತೇನೆ. ‘ಮೆ ಲೋ ದ್ಯೋ’ ನನಗೆ ಅದನ್ನು ಕೊಟ್ಟ. ‘ಗೆ’ ಮೊದಲು, ‘ಅನ್ನು’ ಆಮೇಲೆ, ಕೊನೆಗೆ ಕ್ರಿಯಾಪದ. ಈ ಅನುಕ್ರಮ ಕನ್ನಡದವರಿಗೆ ಹೇಳಿಕೊಡುವ ಅಗತ್ಯವೇ ಇಲ್ಲ. ಆದರೆ ಆಜ್ಞೆ ಮಾಡುವಾಗ ಇದು ತಿರುಗುತ್ತೆ: ‘ದಾಮೆಲೋ’, ಕೊಡು, ನನಗೆ, ಅದನ್ನು, ಎಲ್ಲ ಸೇರಿ ಒಂದೇ ಪದ. ‘ಕೊಡು ನನಗದನ್ನ’ ಅಂತ ಜೋರಾಗಿ ಕೇಳುವಾಗ ನಾವೂ ತಿರುಗಿಸುತ್ತೇವೆ.

‘ಅವನಿಗೆ’ ಅಂದ್ರೆ ‘ಲೆ’ ಅಲ್ವಾ, ಇಲ್ಲಿ ‘ಸೆ’ ಹೇಗೆ ಬಂತು ಅಂತ ಕೇಳಬಹುದು. ‘ಲೆ ಲೋ’ ಕೇಳಲು ಚೆನ್ನಾಗಿಲ್ಲ ಅಂತ ಬದಲಾಯಿಸಿದರು ಅಂತ ಪಾಠಗಳಲ್ಲಿ ಬರೆದಿರುತ್ತೆ. ನಿಜ ಸಂಗತಿ ಬೇರೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಇದು ‘ಝೆಲೋ’ ಅನ್ನುವಂಥ ಉಚ್ಚಾರದಲ್ಲಿತ್ತು. ಲ್ಯಾಟಿನ್‌ನ ‘ಇಲ್ಲೀ’ ಮತ್ತು ‘ಇಲ್ಲುಮ್’ ಒಟ್ಟಿಗೆ ಸೇರಿ ಹಾಗಾಗಿತ್ತು. ಮುಂದೆ ಆ ‘ಝೆ’, ‘ತನ್ನ’ ಅರ್ಥದ ‘ಸೆ’ ಜೊತೆ ಕಲೆತುಹೋಯಿತು. ಅಂದ್ರೆ ‘ಸೆ ಲೋ’ದಲ್ಲಿ ಇರುವ ಎರಡೂ ಪದ ಮೂಲದಲ್ಲಿ ಅದೇ ‘ಇಲ್ಲೆ’. ಅವನಿಗೆ ಅದನ್ನು, ಎರಡರಲ್ಲೂ ಅದೇ ‘ಆ’.

‘ತನ್ನ’ ಅರ್ಥದ ‘ಸೆ’ಗೆ ಕನ್ನಡದಲ್ಲಿ ‘ಕೊಳ್ಳು’ ಇದೆ. ‘ಲಬಾರ್’ ತೊಳೆ, ‘ಲಬಾರ್‌ಸೆ’ ತೊಳೆದುಕೊಳ್ಳು. ‘ಪೆಯ್ನಾರ್’ ಬಾಚು, ‘ಪೆಯ್ನಾರ್‌ಸೆ’ ಬಾಚಿಕೊಳ್ಳು. ‘ಸೆಂತಾರ್‌ಸೆ’ ಕೂತುಕೊಳ್ಳು. ‘ಮೆ ಲಾಬೋ ಲಾಸ್ ಮಾನೋಸ್’ ಅಂದ್ರೆ ‘ಕೈ ತೊಳೆದುಕೊಳ್ಳುತ್ತೇನೆ’. ಇಂಗ್ಲಿಷ್‌ನ ಹಾಗೆ ‘ನನ್ನ ಕೈ’ ಅಂತ ಹೇಳಬೇಕಾಗಿಲ್ಲ, ‘ಲಾಸ್’ ಅಂದರೆ ಸಾಕು. ‘ಕೊಳ್ಳು’ ಅಂದಮೇಲೆ ಬೇರೆಯವರ ಕೈ ಹೇಗಾಗುತ್ತೆ? ಎಲ್ಲ ಕಡೆ ಇದು ನಡೆಯೋದಿಲ್ಲ. ‘ಮೆ ಯಾಮೋ’ ಅಂದ್ರೆ ‘ನನ್ನ ಹೆಸರು’, ಅಲ್ಲಿ ‘ಕರೆದುಕೊಳ್ಳುತ್ತೇನೆ’ ಅಂತ ಹಾಕಿದರೆ ಕೆಟ್ಟುಹೋಗುತ್ತೆ.

‘ಗುಸ್ತಾರ್’ ಗೊತ್ತಿರದ ಸ್ಪ್ಯಾನಿಷ್ ವಿದ್ಯಾರ್ಥಿ ಇಲ್ಲ. ‘ಮೆ ಗುಸ್ತಾ ಎಲ್ ಕಫೆ.’ ಇಂಗ್ಲಿಷ್‌ನವರಿಗೆ ‘ಕಾಫಿ ನನ್ನನ್ನು ಮೆಚ್ಚಿಸುತ್ತದೆ ಅಂತ ತಲೆಕೆಳಗಾಗಿ ಯೋಚಿಸಿ’ ಅಂತ ಹೇಳಿಕೊಡುತ್ತಾರೆ. ಕನ್ನಡದವರು ಆ ಪಾಠ ಓದಿ ಸುಮ್ನೆ ತಲೆ ಕೆಡಿಸಿಕೊಳ್ಳಬಾರದು. ‘ನನಗೆ ಕಾಫಿ ಇಷ್ಟ’, ಮುಗೀತು. ‘ಮೆ ದ್ವೇಲೆ ಲಾ ಕಬೇಸಾ’ ನನಗೆ ತಲೆ ನೋಯುತ್ತಿದೆ. ‘ಮೆ ಪರೇಸೆ’ ನನಗೆ ಅನ್ನಿಸುತ್ತೆ. ‘ಸೆ ಮೆ ಒಲ್ಬಿದೋ’ ನನಗೆ ಮರೆತುಹೋಯಿತು. ಈ ಕೊನೆಯದನ್ನು ನೋಡಿ: ನಾನು ಮರೆತೆ ಅಂತ ತಪ್ಪು ಹೊತ್ತುಕೊಳ್ಳದೆ, ನನಗೆ ಮರೆತುಹೋಯಿತು ಅನ್ನುವ ಭಾವ ಎರಡೂ ಭಾಷೆಯಲ್ಲಿ ಒಂದೇ. ‘ಎಲ್ ಕಫೆ’ಯಲ್ಲಿ ‘ಎಲ್’ ಯಾಕೆ ಅಂದರೆ, ಒಟ್ಟಾರೆ ಕಾಫಿ ಅನ್ನುವ ಪದಾರ್ಥದ ಬಗ್ಗೆ ಮಾತಾಡುವಾಗ ಸ್ಪ್ಯಾನಿಷ್‌ನಲ್ಲಿ ಆರ್ಟಿಕಲ್ ಬೇಕೇ ಬೇಕು. ‘ಸ್ವಲ್ಪ ಕಾಫಿ ಬೇಕು’ ಅಂದರೆ ‘ಕ್ಯೇರೋ ಕಫೆ’, ಅಲ್ಲಿ ಬೇಡ. ‘ಲಾ ಬೀದಾ’ ಬದುಕು, ‘ಎಲ್ ಅಮೋರ್’ ಪ್ರೀತಿ, ಇವೂ ಹಾಗೆ. ಕೆಲಸ ಹೇಳುವಾಗ ಮಾತ್ರ ಉಲ್ಟಾ, ‘ಸೊಯ್ ಪ್ರೊಫೆಸೋರ್’, ನಾನು ಮೇಷ್ಟ್ರು, ‘ಉನ್’ ಹಾಕೋದಿಲ್ಲ. ನಾವೂ ‘ನಾನು ಒಬ್ಬ ಮೇಷ್ಟ್ರು’ ಅಂತ ಸಾಮಾನ್ಯವಾಗಿ ಹೇಳೋದಿಲ್ಲ.

ಕನ್ನಡ ಕೈಕೊಡುವ ಜಾಗವನ್ನೂ ಹೇಳಬೇಕು. ‘ನನಗೆ ಹಸಿವು’, ‘ನನಗೆ ಇಬ್ಬರು ಮಕ್ಕಳು’ ಇವು ಸ್ಪ್ಯಾನಿಷ್‌ನಲ್ಲಿ ‘ಮೆ’ ಅಲ್ಲ. ‘ತೆಂಗೋ ಆಂಬ್ರೆ’, ‘ತೆಂಗೋ ದೋಸ್ ಈಹೋಸ್’. ಅಲ್ಲಿ ‘ಹೊಂದಿದ್ದೇನೆ’ ಅನ್ನುವ ಕ್ರಿಯಾಪದ ಇದೆ, ನಮ್ಮಲ್ಲಿ ಅದು ಮಾತಿನಲ್ಲಿ ಇಲ್ಲ. ಇಲ್ಲಿ ಇಂಗ್ಲಿಷ್ ಮಕ್ಕಳ ವಿಷಯಕ್ಕೆ ಸಹಾಯ ಮಾಡುತ್ತೆ, ಹಸಿವಿಗೆ ಮಾಡೋದಿಲ್ಲ.

ಇನ್ನೊಂದು ಸಣ್ಣ ‘ಆ’, ನಮ್ಮ ‘ಆ’ ಅಲ್ಲ, ಸ್ಪ್ಯಾನಿಷ್‌ನದು. ‘ಬೇಯೋ ಲಾ ಕಾಸಾ’ ಮನೆ ನೋಡುತ್ತೇನೆ. ‘ಬೇಯೋ ಆ ಮರೀಆ’ ಮರಿಯಾಳನ್ನು ನೋಡುತ್ತೇನೆ. ಮನುಷ್ಯರಾದರೆ ನಡುವೆ ‘ಆ’ ಬರಬೇಕು. ಇಂಗ್ಲಿಷ್‌ನಲ್ಲಿ ಈ ಭೇದ ಇಲ್ಲ. ಕನ್ನಡದಲ್ಲಿ ‘ಪುಸ್ತಕ ತಂದೆ’ ಅಂದರೆ ನಡೆಯುತ್ತೆ, ‘ಹುಡುಗ ಕರೆತಂದೆ’ ಅಂದರೆ ನಡೆಯೋದಿಲ್ಲ, ‘ಹುಡುಗನನ್ನು’ ಅನ್ನಲೇಬೇಕು. ಆ ‘ಅನ್ನು’ ಕೆಲಸವನ್ನೇ ಈ ‘ಆ’ ಮಾಡುತ್ತೆ.

ಕೊನೆಗೆ ನೀನು, ನೀವು. ನನ್ನ ಪ್ರಶ್ನೆಗಳು ಇರುವುದು ಇಲ್ಲೇ.

ಲ್ಯಾಟಿನ್‌ನಲ್ಲಿ ‘ತೂ’ ಏಕವಚನ, ‘ವೋಸ್’ ಬಹುವಚನ. ಆಮೇಲೆ ದೊಡ್ಡವರಿಗೆ ಒಬ್ಬರಿಗೇ ‘ವೋಸ್’ ಅನ್ನುವ ರೂಢಿ ಬಂತು. ನಾವು ಒಬ್ಬರಿಗೇ ‘ನೀವು’ ಅನ್ನುವ ಹಾಗೆ. ಸ್ಪೇನಿನಲ್ಲಿ ಈ ‘ಬೋಸ್’ ಎಲ್ಲರಿಗೂ ಬಳಕೆಯಾಗಿ ಅದರ ಮರ್ಯಾದೆ ಇಳಿಯಿತು. ಮರ್ಯಾದೆಗೆ ಇನ್ನೊಂದು ಪದ ಬೇಕಾಯಿತು. ‘ಬುಯೆಸ್ತ್ರಾ ಮೆರ್ಸೆದ್’, ತಮ್ಮ ಕೃಪೆ, ಅಂತ ಕರೆಯತೊಡಗಿದರು. ಅದು ಬಾಯಲ್ಲಿ ಸವೆದು ಸವೆದು 17ನೇ ಶತಮಾನದಲ್ಲಿ ‘ಉಸ್ತೆದ್’ ಆಯಿತು. ಕೃಪೆ ಅನ್ನೋದು ಮೂರನೆಯವರ ಮಾತು, ಹಾಗಾಗಿ ‘ಉಸ್ತೆದ್’ ಜೊತೆ ‘ಅವನು, ಅವಳು’ಗೆ ಬರುವ ಕ್ರಿಯಾಪದ ರೂಪವೇ ಬರುತ್ತೆ. ಎದುರಿಗೆ ಇರುವವರನ್ನೇ ‘ಮಹಾಸ್ವಾಮಿಗಳು ಚಿತ್ತೈಸಬೇಕು’ ಅಂತ ಮೂರನೆಯವರ ಹಾಗೆ ಹೇಳುತ್ತಿದ್ದರಲ್ಲ, ಆ ಧಾಟಿ. ನಮ್ಮ ‘ತಾವು’ ಕೂಡ ಮೂಲದಲ್ಲಿ ‘ತಾನು’ವಿನ ಬಹುವಚನ, ಮೂರನೆಯವರ ಮಾತೇ.

‘ಬೋಸ್’ ಸ್ಪೇನಿನಲ್ಲಿ ಬಿಟ್ಟುಹೋಯಿತು, ‘ತೂ’ ಉಳಿಯಿತು. ಮೆಕ್ಸಿಕೋ ನಗರ, ಪೆರುವಿನ ಲಿಮಾ ಇವು ಸ್ಪೇನಿನ ವೈಸರಾಯ್‌ಗಳ ಊರುಗಳು. 1535ರಿಂದ ಮೆಕ್ಸಿಕೋದಲ್ಲಿ, 1540ರ ದಶಕದಿಂದ ಪೆರುವಿನಲ್ಲಿ. ಅಲ್ಲಿಗೆ ಸ್ಪೇನಿನ ರೂಢಿ ಬೇಗ ತಲುಪುತ್ತಿತ್ತು, ಅಲ್ಲಿ ‘ತೂ’ ನಿಂತಿತು. ದೂರದಲ್ಲಿದ್ದ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ಮಧ್ಯ ಅಮೆರಿಕದ ಹಲವು ದೇಶಗಳಲ್ಲಿ ‘ಬೋಸ್’ ಉಳಿದು, ಗೆಳೆತನದ ‘ನೀನು’ ಆಯಿತು. ‘ನೀನು ಆಗಿದ್ದೀಯ’ (ಇಂಗ್ಲಿಷಿನ ‘ಯು ಆರ್’) ಅಂತ ಹೇಳಲು ಸ್ಪೇನಿನವರು ‘ತೂ ಎರೆಸ್’ ಅಂದರೆ ಅರ್ಜೆಂಟೀನಾದವರು ‘ಬೋಸ್ ಸೋಸ್’ ಅನ್ನುತ್ತಾರೆ. ಬಹುವಚನದ ‘ಬೊಸೊತ್ರೋಸ್’ ಹೆಚ್ಚಾಗಿ ಸ್ಪೇನಿನಲ್ಲೇ. ಲ್ಯಾಟಿನ್ ಅಮೆರಿಕದಲ್ಲಿ ಮಕ್ಕಳ ಗುಂಪಿಗೂ ‘ಉಸ್ತೇದೆಸ್’ ಅಂತಲೇ ಹೇಳುತ್ತಾರೆ. ಇನ್ನು ಕೊಲಂಬಿಯಾದ ಬೊಗೋಟಾ ಕಡೆ ಅಣ್ಣತಮ್ಮಂದಿರು, ಆಪ್ತ ಗೆಳೆಯರು ಕೂಡ ಒಬ್ಬರಿಗೊಬ್ಬರು ‘ಉಸ್ತೆದ್’ ಅನ್ನುತ್ತಾರೆ. ಅದು ದೂರ ಇಡುವ ಮಾತಲ್ಲ, ಸಲಿಗೆಯದ್ದೇ. ಅದೇ ಸೀಮೆಯಲ್ಲಿ ‘ಸುಮೆರ್ಸೆ’ ಅನ್ನೋದೂ ಇದೆ, ‘ಸು ಮೆರ್ಸೆದ್’ ಸವೆದು ಆದದ್ದು, ತುಂಬ ಪ್ರೀತಿಯ ಮಾತು.

‘ತೂ’ಗೆ ನೀನು, ‘ಉಸ್ತೆದ್’ಗೆ ನೀವು ಅನ್ನುವ ಲೆಕ್ಕ ಶುರುವಿನಲ್ಲಿ ಸಾಕು. ಆದರೆ ಅನುವಾದ ಮಾಡುವಾಗ ಸಾಲೋದಿಲ್ಲ. ನಮ್ಮಲ್ಲೇ ಅಪ್ಪನಿಗೆ ‘ನೀವು’, ಅಮ್ಮನಿಗೆ ‘ನೀನು’ ಅನ್ನುವ ಮನೆಗಳು ಎಷ್ಟೋ ಇವೆ. ಅಲ್ಲಿ ‘ನೀನು’ ಅಗೌರವ ಅಲ್ಲ. ಆದರೆ ಬೀದಿಯಲ್ಲಿ ಅಪರಿಚಿತ ‘ಏಕವಚನದಲ್ಲಿ ಮಾತಾಡಿಸಿದ’ ಅಂದರೆ ಜಗಳವೇ ಆಗುತ್ತೆ. ಸ್ಪೇನಿನಲ್ಲಿ ಈಗ ಅಂಗಡಿಯವರು, ಸಹೋದ್ಯೋಗಿಗಳು ಸಲೀಸಾಗಿ ‘ತೂ’ ಅನ್ನುತ್ತಾರೆ. ಅದನ್ನು ‘ನೀನು’ ಅಂತ ಕನ್ನಡಕ್ಕೆ ತಂದರೆ ಅಂಗಡಿಯವನು ಒರಟ ಅಂತ ಓದುಗರು ತಿಳಿಯುತ್ತಾರೆ. ಅಲ್ಲಿ ‘ನೀವು’ ಹಾಕುವುದೇ ಸರಿ ಅನ್ನೋದು ನನ್ನ ಅಭಿಪ್ರಾಯ, ಮೂಲದಲ್ಲಿ ‘ತೂ’ ಇದ್ದರೂ.

ನನಗೆ ಬೇಕಾದ ಉತ್ತರಗಳು ಇವು. ಬೊಗೋಟಾದ ಅಣ್ಣತಮ್ಮಂದಿರ ‘ಉಸ್ತೆದ್’ ಅನ್ನು ಕನ್ನಡದಲ್ಲಿ ‘ನೀವು’ ಅಂತ ಬರೆದರೆ ಅವರ ನಡುವೆ ಮನಸ್ತಾಪ ಇದ್ದ ಹಾಗೆ ಕಾಣುತ್ತೆ, ‘ನೀನು’ ಅಂತ ಬರೆದರೆ ಆ ಊರಿನ ಗುರುತು ಹೋಗುತ್ತೆ. ‘ನೀವು’ ಅನ್ನೋದು ಸಲಿಗೆಯಲ್ಲೂ ನಡೆಯುವ ಕನ್ನಡದ ಮನೆಗಳು, ಸಮುದಾಯಗಳು, ಸೀಮೆಗಳು ಯಾವುವು? ಮಕ್ಕಳನ್ನೂ ‘ನೀವು’ ಅಂತ ಮಾತಾಡಿಸುವ ಮನೆಗಳಿವೆಯಲ್ಲ, ಅವರು ಹೇಗೆ ಮಾತಾಡುತ್ತಾರೆ ಅಂತ ಒಂದೆರಡು ವಾಕ್ಯ ಬರೆದು ತಿಳಿಸಿದರೆ ನನಗೆ ದೊಡ್ಡ ಉಪಕಾರ. ‘ತೂ’ ಮತ್ತು ‘ಬೋಸ್’ ಎರಡೂ ಒಂದೇ ಕಥೆಯಲ್ಲಿ ಬಂದರೆ, ಸ್ಪೇನಿನವನೂ ಅರ್ಜೆಂಟೀನಾದವನೂ ಮಾತಾಡುತ್ತಿದ್ದರೆ, ಒಬ್ಬನಿಗೆ ‘ನೀನು’ ಇನ್ನೊಬ್ಬನಿಗೆ ‘ನೀ’ ಅಂತ ಕೊಡಬಹುದೇ? ಧಾರವಾಡದ ಮಾತನ್ನು ಬ್ಯೂನಸ್ ಐರಿಸ್‌ನವನ ಬಾಯಲ್ಲಿ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಆದರೆ ಬರೀ ‘ನೀ’ ಅನ್ನುವಷ್ಟು ಬದಲಾವಣೆ ತಡೆಯುತ್ತೇನೋ.

ಹಾಗೇ ‘ಸು’ ಬಗ್ಗೆ. ‘ಸು ಲೀಬ್ರೋ’ ಅಂದ್ರೆ ಅವನ ಪುಸ್ತಕ, ಅವಳ ಪುಸ್ತಕ, ಅವರ ಪುಸ್ತಕ, ನಿಮ್ಮ ಪುಸ್ತಕ, ಯಾವುದೂ ಆಗಬಹುದು. ಬರೆದವರು ಬೇಕಂತಲೇ ಅಸ್ಪಷ್ಟವಾಗಿ ಬಿಟ್ಟಿರುವ ಕಡೆ ಕನ್ನಡದಲ್ಲಿ ‘ಅವರ’ ಅಂತ ಹಾಕಿದರೆ ಗಂಡು ಹೆಣ್ಣು ಎರಡೂ ಉಳಿಯುತ್ತೆ, ಆದರೆ ಇಲ್ಲದ ಗೌರವ ಬಂದು ಸೇರಿಕೊಳ್ಳುತ್ತೆ. ‘ತನ್ನ’ ಕೆಲವು ಕಡೆ ಹೊಂದುತ್ತೆ, ಕರ್ತೃ ಬೇರೆಯಾದರೆ ಹೊಂದೋದಿಲ್ಲ. ಇದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದರೆ ಉದಾಹರಣೆ ಸಮೇತ ತಿಳಿಸಿ.